ಬೆಟ್ಟ ನೋಡಿದವರು, ಬೆಟ್ಟ ದಾಟಿದವರು

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಎರಡು ಚಿತ್ರಗಳು ಬರುತ್ತವೆ. ಒಂದು, ಹಿರೋಶಿಮಾದ ಬೂದಿಯಿಂದ ಎದ್ದು ನಿಂತು ಜಗತ್ತಿಗೇ ಕಾರು, ರೇಡಿಯೋ, ಕ್ಯಾಮರಾ ಮಾರಿದ ದೇಶದ ಚಿತ್ರ. ಇನ್ನೊಂದು ಕ್ಯಾಲೆಂಡರಿನ ಜಪಾನ್. ಹಿಮ ಹೊದ್ದ ಬೆಟ್ಟ, ಅದರ ಬುಡದಲ್ಲಿ ಕಡಿದಾದ ಹುಲ್ಲುಮಾಡಿನ ಮನೆಗಳು, ಕಿಟಕಿಯಲ್ಲಿ ಹಳದಿ ಬೆಳಕು, ಎಲ್ಲೂ ಒಂದು ಮನುಷ್ಯ ಪಿಳ್ಳೆಯಿಲ್ಲ. ಮೊದಲನೆಯ ಜಪಾನನ್ನು ಕಟ್ಟಿದವರು ಯಾರೆಂದು ಕೇಳಿದರೆ ಶಾಲಾ ಮಕ್ಕಳೂ ಒಂದೆರಡು ಹೆಸರು ಹೇಳಿಯಾರು. ಎರಡನೆಯದನ್ನು ಯಾರೂ ಕಟ್ಟಿಲ್ಲ, ಅದು ಪ್ರಕೃತಿಯ ಕೊಡುಗೆ ಎಂಬುದು ನಮ್ಮ ಎಣಿಕೆ. ಈ ಎಣಿಕೆಗೆ ನೂರೈವತ್ತು ವರ್ಷಗಳ ಪ್ರವಾಸ ಸಾಹಿತ್ಯದ ಬೆಂಬಲವಿದೆ. ಆದರೆ ಅದೇ ಸಾಹಿತ್ಯವನ್ನು ಸ್ವಲ್ಪ ನಿಧಾನವಾಗಿ ಓದಿದರೆ ಬೇರೆಯದೇ ಕಥೆ ಹೊರಬರುತ್ತದೆ.

ಇಸಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಮಹಿಳೆಯಿಂದ ಆರಂಭಿಸಬಹುದು. 1878ರ ಜೂನ್ ತಿಂಗಳಲ್ಲಿ ಆಕೆ ಟೋಕಿಯೋದಿಂದ ಉತ್ತರಕ್ಕೆ ಹೊರಟಾಗ ವಯಸ್ಸು ನಲವತ್ತಾರು. ಬೆನ್ನುಹುರಿಯ ಕಾಯಿಲೆ ಬೇರೆ. ಅಂದಿನ ಜಪಾನಿನಲ್ಲಿ ವಿದೇಶೀಯರು ನಿಗದಿತ ಬಂದರು ಪಟ್ಟಣಗಳನ್ನು ಬಿಟ್ಟು ಒಳನಾಡಿಗೆ ಹೋಗಬೇಕಿದ್ದರೆ ಪ್ರತ್ಯೇಕ ಪರವಾನಗಿ ಬೇಕಿತ್ತು. ಬ್ರಿಟಿಷ್ ರಾಯಭಾರಿಯ ಪ್ರಭಾವದಿಂದ ಆಕೆಗೆ ಅದು ಸಿಕ್ಕಿತು. ಜೊತೆಗೆ ಇತೋ ತ್ಸುರುಕಿಚಿ ಎಂಬ ಹರೆಯದ ದುಭಾಷಿ. ಹೇರುಕುದುರೆಗಳ ಮೇಲೆ, ಕೆಲವೆಡೆ ನಡೆದು, ನಿಕ್ಕೋ, ಐಜು, ನೀಗಾತಾ, ಯಾಮಾಗಾತಾ, ಅಕಿತಾ ದಾಟಿ ಕೊನೆಗೆ ಹೊಕ್ಕೈಡೋದ ಐನು ಜನರ ಹಳ್ಳಿಗಳವರೆಗೆ ಆಕೆ ಹೋದಳು. 1880ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಆಕೆಯ ಪುಸ್ತಕ ಜಪಾನಿನ ಹಳ್ಳಿಗಾಡಿನ ಬಗ್ಗೆ ಪಶ್ಚಿಮದವರು ಓದಿದ ಮೊದಮೊದಲ ವಿವರವಾದ ಬರಹಗಳಲ್ಲೊಂದು.

ಈ ಪುಸ್ತಕದಿಂದ ಇಂದಿಗೂ ಎಲ್ಲರೂ ನೆನೆಯುವುದು ಯೊನೆಜಾವಾ ಬಯಲಿನ ವರ್ಣನೆಯನ್ನು. ಸುತ್ತ ಬೆಟ್ಟ, ನಡುವೆ ತೋಟದಂತೆ ಒಪ್ಪವಾಗಿಟ್ಟ ಹೊಲಗದ್ದೆ. ಅದನ್ನು ಆಕೆ ಏಷ್ಯಾದ ಸ್ವರ್ಗವೆಂಬಂತೆ ಬಣ್ಣಿಸಿದಳು. ಆ ಭಾಗದ ಪ್ರವಾಸೋದ್ಯಮದವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿಲ್ಲ. ಅವರು ಎತ್ತಿ ಹೇಳದ ಎರಡು ಸಂಗತಿಗಳಿವೆ. ಒಂದು, ಆ ಬಯಲು ತಾನಾಗಿ ಸ್ವರ್ಗವಾದದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಯೊನೆಜಾವಾ ಸಂಸ್ಥಾನ ಸಾಲದಲ್ಲಿ ಮುಳುಗಿ ದಿವಾಳಿಯ ಅಂಚಿನಲ್ಲಿತ್ತು. 1767ರಲ್ಲಿ ಪಟ್ಟಕ್ಕೆ ಬಂದ ಉಯೆಸುಗಿ ಹಾರುನೋರಿ ಅರಮನೆಯ ಖರ್ಚು ಕಡಿದು, ಹಿಪ್ಪುನೇರಳೆ ನೆಡಿಸಿ, ನೇಯ್ಗೆ ಕಲಿಸಿ, ನೀರು ಹರಿಸಿ ಮಾಡಿದ ಕೆಲಸದ ಫಲವನ್ನು ಬರ್ಡ್ ನೂರು ವರ್ಷಗಳ ನಂತರ ಕುದುರೆಯ ಮೇಲಿಂದ ನೋಡಿದಳು. ಆಕೆಗೂ ಇದರ ಸುಳಿವು ಸಿಕ್ಕಿತ್ತು. ಉಳುವವರೇ ಒಡೆಯರಾಗಿರುವುದು ಈ ಸಮೃದ್ಧಿಗೆ ಕಾರಣವೆಂದು ಬರೆದಿದ್ದಾಳೆ.

ಎರಡನೆಯದು, ಸ್ವರ್ಗ ಸಿಗುವ ಮೊದಲಿನ ಪುಟಗಳು. ಐಜುವಿನ ಬೆಟ್ಟಗಳಲ್ಲಿ ಆಕೆ ಕಂಡದ್ದು ಹೊಗೆ ತುಂಬಿದ ಗುಡಿಸಲುಗಳು, ಚಿಗಟ, ಮೈತುಂಬ ಕಜ್ಜಿಯ ಮಕ್ಕಳು, ನೋಯುವ ಕಣ್ಣುಗಳು. ಒಂದು ಹಳ್ಳಿಯಲ್ಲಿ ಕೆಮ್ಮಿನಿಂದ ಬಳಲುತ್ತಿದ್ದ ಮಗುವಿಗೆ ತನ್ನ ಪೆಟ್ಟಿಗೆಯಿಂದ ಒಂದಿಷ್ಟು ಔಷಧಿ ಕೊಟ್ಟದ್ದೇ ತಡ, ಮರುದಿನ ಬೆಳಗಾಗುವಷ್ಟರಲ್ಲಿ ಊರಿನ ರೋಗಿಗಳೆಲ್ಲ ಬಾಗಿಲಲ್ಲಿದ್ದರು. ಇಂಥ ಕಡೆಗಳನ್ನು ಪರದೇಶದವಳೊಬ್ಬಳು ನೋಡುತ್ತಿದ್ದಾಳಲ್ಲ ಎಂದು ಬಂದರು ಪಟ್ಟಣದ ಹುಡುಗ ಇತೋಗೆ ನಾಚಿಕೆ. ಅದೇ ಬಡ ಜನರ ಬಗ್ಗೆ ಆಕೆ ಇನ್ನೊಂದು ಮಾತನ್ನೂ ದಾಖಲಿಸಿದ್ದಾಳೆ. ದಾರಿಯಲ್ಲಿ ಕಳೆದುಹೋದ ಒಂದು ಚರ್ಮದ ಪಟ್ಟಿಗಾಗಿ ಕುದುರೆಯಾಳು ಕತ್ತಲಲ್ಲಿ ಮೈಲುಗಟ್ಟಲೆ ಹಿಂದಕ್ಕೆ ನಡೆದು ಅದನ್ನು ತಂದುಕೊಟ್ಟ, ಹೆಚ್ಚಿನ ಕಾಸು ಕೊಟ್ಟರೆ ಮುಟ್ಟಲಿಲ್ಲ. ಎಲ್ಲವನ್ನೂ ಸುರಕ್ಷಿತವಾಗಿ ತಲುಪಿಸುವುದು ತನ್ನ ಜವಾಬ್ದಾರಿ ಎಂದ. ಬರ್ಡ್‌ಳ ಬರಹದಲ್ಲಿ ತನ್ನ ಕಾಲದ ಯುರೋಪಿಯನ್ನರ ಮೇಲರಿಮೆ ಸಾಕಷ್ಟಿದೆ, ಐನು ಜನರ ಬಗ್ಗೆ ಬರೆಯುವಾಗಲಂತೂ ಅದು ಕಣ್ಣಿಗೆ ರಾಚುತ್ತದೆ. ಆದರೆ ಬೆಟ್ಟವನ್ನೂ ನೋಡಿ, ಬೆಟ್ಟದ ಕೆಳಗಿನವರ ಮೈಮೇಲಿನ ಹುಣ್ಣನ್ನೂ ನೋಡಿದ ಗುಣ ಆಕೆಯದು. ಆಮೇಲೆ ಬಂದವರಲ್ಲಿ ಈ ಗುಣ ಕಡಿಮೆಯಾಯಿತು.

ಹತ್ತು ವರ್ಷಗಳ ನಂತರ ಬಂದ ವಾಲ್ಟರ್ ವೆಸ್ಟನ್ ಮೂಲತಃ ಪಾದ್ರಿ, ಒಲವಿನಿಂದ ಪರ್ವತಾರೋಹಿ. ಹೊನ್ಶು ದ್ವೀಪದ ನಡುವೆ ಹಿದಾ ಮತ್ತು ಶಿನಾನೋ ಸೀಮೆಗಳನ್ನು ಬೇರ್ಪಡಿಸುವ ಮೂರು ಸಾವಿರ ಮೀಟರ್ ಎತ್ತರದ ಶಿಖರಸಾಲು ಆತನನ್ನು ಸೆಳೆಯಿತು. ಅದಕ್ಕೆ ಜಪಾನಿನ ಆಲ್ಪ್ಸ್ ಎಂದು ಹೆಸರಿಟ್ಟವನು ಆತನಲ್ಲ. ಟಂಕಸಾಲೆಯ ಕೆಲಸಕ್ಕೆ ಬಂದಿದ್ದ ವಿಲಿಯಂ ಗೌಲ್ಯಾಂಡ್ ಎಂಬ ಇನ್ನೊಬ್ಬ ಇಂಗ್ಲಿಷಿನವನು. ಆದರೆ 1896ರಲ್ಲಿ ಬಂದ ವೆಸ್ಟನ್ ಪುಸ್ತಕವೇ ಆ ಹೆಸರನ್ನು ಲೋಕಕ್ಕೆಲ್ಲ ಹರಡಿದ್ದು. ಹಳ್ಳಿಗರಿಗೆ ಈ ಮನುಷ್ಯ ಒಗಟಾಗಿದ್ದ. ಬೆಳ್ಳಿಯ ಗಣಿ ಹುಡುಕುತ್ತಿದ್ದೀಯಾ, ಅಲ್ಲದಿದ್ದರೆ ಸ್ಫಟಿಕವೇ ಎಂದು ವಿಚಾರಿಸಿದರು. ಸುಮ್ಮನೆ ಹತ್ತಿ ಇಳಿಯಲು ಬಂದಿದ್ದೇನೆ ಎಂದರೆ ನಂಬುವುದು ಹೇಗೆ? ಕಾಸಾಗಾತಾಕೆ ಎಂಬ ಶಿಖರಕ್ಕೆ ದಾರಿ ತೋರಿಸಲು ಕೆಳಗಿನ ಗಾಮಾದಾ ಹಳ್ಳಿಯವರು ಒಪ್ಪಲೇ ಇಲ್ಲ. ಪರಕೀಯ ಹತ್ತಿದರೆ ಬೆಟ್ಟದ ದೇವತೆ ಮುನಿದು ಮಳೆಗಾಳಿಯನ್ನು ಕೆಡಿಸಿದರೆ ಬೆಳೆಯ ಗತಿಯೇನು ಎಂಬುದು ಅವರ ಅಂಜಿಕೆ. ಮೂರನೆಯ ಪ್ರಯತ್ನದಲ್ಲಿ, 1894ರಲ್ಲಿ, ಆತ ತುದಿ ಮುಟ್ಟಿದ. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ಆದರೆ ಮಳೆ ತಪ್ಪಿದರೆ ಹಸಿವಿನಿಂದಿರಬೇಕಾದವರು ಅವರು, ವೆಸ್ಟನ್ ಅಲ್ಲ.

ವೆಸ್ಟನ್ ಪ್ರೇರಣೆಯಿಂದ 1905ರಲ್ಲಿ ಜಪಾನಿನ ಆಲ್ಪೈನ್ ಕ್ಲಬ್ ಹುಟ್ಟಿತು. ಓದಿದ ಪಟ್ಟಣಿಗರು ಬೆಟ್ಟ ಹತ್ತಲು ಬಂದರು. ಕಾಮಿಕೋಚಿ ಕಣಿವೆಯಲ್ಲಿ ಆತನ ಕಂಚಿನ ಫಲಕವಿದೆ. ಪ್ರತಿ ಜೂನ್ ಆರಂಭದಲ್ಲಿ ಆತನ ನೆನಪಿನ ಉತ್ಸವ ನಡೆಯುತ್ತದೆ.

ಈಗ ಅದೇ ಶಿಖರಸಾಲಿನಲ್ಲಿ ಸ್ವಲ್ಪ ದಕ್ಷಿಣಕ್ಕೆ ಸರಿಯೋಣ. ಅಲ್ಲಿ 1,672 ಮೀಟರ್ ಎತ್ತರದಲ್ಲಿ ನೊಮುಗಿ ಎಂಬ ಕಣಿವೆದಾರಿ ಇದೆ. ವೆಸ್ಟನ್ ಕಾಮಿಕೋಚಿಯ ಸುತ್ತ ಅಲೆಯುತ್ತಿದ್ದ ವರ್ಷಗಳಲ್ಲೇ ಈ ದಾರಿಯಲ್ಲಿ ಸಾಲುಗಟ್ಟಿ ನಡೆಯುತ್ತಿದ್ದವರು ಹಿದಾ ಸೀಮೆಯ ಬಡ ರೈತರ ಹೆಣ್ಣುಮಕ್ಕಳು. ಕೆಲವರಿಗೆ ಹನ್ನೊಂದು, ಹನ್ನೆರಡು ವರ್ಷ. ಅವರು ಹೋಗುತ್ತಿದ್ದುದು ಬೆಟ್ಟದ ಆಚೆ ಸುವಾ ಸರೋವರದ ದಡದ ಒಕಾಯಾದಲ್ಲಿದ್ದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗಳಿಗೆ. ಅಪ್ಪನ ಕೈಗೆ ಮುಂಗಡ, ಕರಾರಿನ ಮೇಲೆ ಹೆಬ್ಬೆಟ್ಟು, ಆಮೇಲೆ ಚಳಿಗಾಲದ ಕೊನೆಯಲ್ಲಿ ನೂರಾರು ಹುಡುಗಿಯರ ಗುಂಪು ಹುಲ್ಲಿನ ಚಪ್ಪಲಿಯಲ್ಲಿ ಹಿಮ ತುಳಿಯುತ್ತ ದಿನಗಟ್ಟಲೆ ನಡಿಗೆ. ವರ್ಷಾಂತ್ಯದ ರಜೆಗೆ ಅದೇ ದಾರಿಯಲ್ಲಿ ಮರಳಿಕೆ. ಕಾಲು ಜಾರಿ ಕಮರಿಗೆ ಬಿದ್ದವರಿದ್ದರು.

ಕಾರ್ಖಾನೆಯಲ್ಲಿ ಹದಿಮೂರು, ಹದಿನಾಲ್ಕು ಗಂಟೆಯ ದುಡಿಮೆ. ಕುದಿನೀರಲ್ಲಿ ಗೂಡಿನ ಎಳೆ ಹುಡುಕುವ ಬೆರಳುಗಳು ಏನಾಗುತ್ತವೆಂಬುದನ್ನು ರಾಮನಗರ, ಶಿಡ್ಲಘಟ್ಟದ ಓದುಗರಿಗೆ ವಿವರಿಸಬೇಕಿಲ್ಲ. ನೂಲಿನ ಗುಣಮಟ್ಟಕ್ಕೆ ತಕ್ಕಂತೆ ಅಂಕ, ಅಂಕಕ್ಕೆ ತಕ್ಕಂತೆ ಕೂಲಿ ಅಥವಾ ಕಡಿತ. ಗಾಳಿಯಾಡದ ಹಬೆಯ ಕೋಣೆಗಳಲ್ಲಿ ಕ್ಷಯ ಸುಲಭವಾಗಿ ಹರಡುತ್ತಿತ್ತು. 1909ರ ಹೊತ್ತಿಗೆ ಜಪಾನ್ ಚೀನಾವನ್ನು ಹಿಂದಿಕ್ಕಿ ಕಚ್ಚಾ ರೇಷ್ಮೆ ರಫ್ತಿನಲ್ಲಿ ಜಗತ್ತಿಗೇ ಮೊದಲನೆಯದಾಯಿತು. ಯುದ್ಧನೌಕೆ, ಯಂತ್ರ ಕೊಳ್ಳಲು ಬೇಕಾದ ವಿದೇಶಿ ಹಣದ ದೊಡ್ಡ ಪಾಲು ಈ ಬೆರಳುಗಳ ಮೂಲಕವೇ ಬಂದದ್ದು.

ಅದೇ 1909ರ ನವೆಂಬರಿನಲ್ಲಿ ಮಸಾಯ್ ಮಿನೆ ಎಂಬ ಇಪ್ಪತ್ತರ ಆಸುಪಾಸಿನ ಯುವತಿ ಕಾಯಿಲೆ ಬಿದ್ದಳು. ಕರೆದೊಯ್ಯುವಂತೆ ಊರಿಗೆ ತಂತಿ ಹೋಯಿತು. ಅಣ್ಣ ಬೆಟ್ಟ ದಾಟಿ ನಡೆದು ಬಂದು, ಸೌದೆ ಹೊರುವ ಮರದ ಚೌಕಟ್ಟನ್ನು ಬೆನ್ನಿಗೆ ಕಟ್ಟಿ ಅದರ ಮೇಲೆ ತಂಗಿಯನ್ನು ಕೂರಿಸಿಕೊಂಡು ಹೊರಟ. ನೊಮುಗಿಯ ನೆತ್ತಿ ತಲುಪಿದಾಗ ಆಕೆ ತನ್ನ ಊರ ಕಡೆಯ ಬೆಟ್ಟಗಳನ್ನು ನೋಡಿ, ಹಿದಾ ಕಾಣುತ್ತಿದೆ ಎಂದಳಂತೆ. ಅಲ್ಲೇ ಪ್ರಾಣ ಬಿಟ್ಟಳು. ಜಪಾನಿನ ಬೆಟ್ಟಗಳ ಬಗ್ಗೆ ಪ್ರವಾಸಿಗರು ಆಡಿದ ಮಾತುಗಳನ್ನು ಸಂಗ್ರಹಿಸುವವರು ಈ ಮಾತನ್ನೂ ಸೇರಿಸಿಕೊಳ್ಳಬೇಕು.

ಇದೆಲ್ಲ ನಮಗೆ ತಿಳಿದಿರುವುದು ಯಾಮಾಮೋತೊ ಶಿಗೆಮಿ ಎಂಬ ಲೇಖಕ ಬದುಕುಳಿದ ನೂರಾರು ಮುದುಕಿಯರನ್ನು ಹುಡುಕಿ ಮಾತಾಡಿಸಿ 1968ರಲ್ಲಿ ಪ್ರಕಟಿಸಿದ ಪುಸ್ತಕದಿಂದ. 1979ರಲ್ಲಿ ಅದು ಸಿನಿಮಾ ಕೂಡ ಆಯಿತು. ಸಿನಿಮಾ ಕಣ್ಣೀರು ತರಿಸುತ್ತದೆ. ಆದರೆ ಪುಸ್ತಕದ ಮುದುಕಿಯರಲ್ಲಿ ಅನೇಕರು ಹೇಳಿದ್ದು, ಕಾರ್ಖಾನೆಯ ಊಟ ಮನೆಯದಕ್ಕಿಂತ ಚೆನ್ನಾಗಿತ್ತು, ಹೋದದ್ದು ಒಳ್ಳೆಯದೇ ಆಯಿತು ಎಂದು. ಹದಿನಾಲ್ಕು ಗಂಟೆ ದುಡಿಸುವ ಜಾಗದ ಊಟವೇ ರುಚಿಸಿತೆಂದರೆ ಬಿಟ್ಟುಬಂದ ಮನೆಯಲ್ಲಿ ಒಲೆಯ ಮೇಲೆ ಏನಿತ್ತು ಎಂಬುದನ್ನು ನಾವೇ ಊಹಿಸಬೇಕು. 1934ರ ಅಕ್ಟೋಬರಿನಲ್ಲಿ ತಕಾಯಾಮಾ ರೈಲುಮಾರ್ಗ ಪೂರ್ತಿಯಾಗಿ ತೆರೆಯಿತು, ನೊಮುಗಿಯ ನಡಿಗೆ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಶಿಖರಸಾಲು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಇಲ್ಲಿ ಕರ್ನಾಟಕಕ್ಕೊಂದು ಎಳೆ ಇದೆ. 1893ರಲ್ಲಿ ಜಪಾನಿಗೆ ಹೋಗಿದ್ದ ಜಮ್‌ಶೇಟ್‌ಜಿ ಟಾಟಾ ಅಲ್ಲಿನ ರೇಷ್ಮೆ ಕೆಲಸವನ್ನು ಮೆಚ್ಚಿ, ಜಪಾನಿ ದಂಪತಿಗಳನ್ನು ಕರೆಸಿ ಬೆಂಗಳೂರಿನಲ್ಲಿ ಮಾದರಿ ರೇಷ್ಮೆ ತೋಟ ತೆರೆದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಈಗಲೂ ಉಳಿದಿದೆ. 1991ರಿಂದ ಜಪಾನಿನ ನೆರವಿನೊಂದಿಗೆ ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ಗೂಡಿನ ಕೆಲಸ ನಡೆಯಿತು. ನಮ್ಮಲ್ಲಿ ನೂಲು ಬಿಚ್ಚುವ ಕಸುಬನ್ನು ನೆಚ್ಚಿಕೊಂಡ ಅನೇಕ ಮುಸ್ಲಿಂ ಕುಟುಂಬಗಳಿಗೆ ಒಕಾಯಾದ ಹೆಸರು ಗೊತ್ತಿರಲಾರದು, ಆದರೆ ಅವರ ಕಸುಬಿನ ಚರಿತ್ರೆಯ ಒಂದು ಕೊನೆ ಅಲ್ಲಿದೆ.

ಹಿದಾ ಸೀಮೆಯ ಪಶ್ಚಿಮದ ಮೂಲೆಯಲ್ಲಿ, ಶೋ ನದಿಯ ಇಕ್ಕಟ್ಟು ಕಣಿವೆಯಲ್ಲಿದೆ ಶಿರಾಕಾವಾ-ಗೋ. ಆರಂಭದಲ್ಲಿ ಹೇಳಿದ ಕ್ಯಾಲೆಂಡರಿನ ಹಾಳೆ ಇದರದ್ದೇ. ನೂರಕ್ಕೆ ತೊಂಬತ್ತೈದರಷ್ಟು ನೆಲ ಬೆಟ್ಟ, ಕಾಡು. ಚಳಿಗಾಲದಲ್ಲಿ ಆಳೆತ್ತರಕ್ಕೂ ಮೀರಿ ಹಿಮ. ಮನೆಯ ಮಾಡು ಸುಮಾರು ಅರವತ್ತು ಡಿಗ್ರಿಗಳಷ್ಟು ಕಡಿದು, ದೂರದಿಂದ ಪ್ರಾರ್ಥನೆಗೆ ಜೋಡಿಸಿದ ಕೈಗಳಂತೆ ಕಾಣುತ್ತದೆ. ಗಾಶ್ಶೋ ಎಂಬ ಹೆಸರಿನ ಅರ್ಥವೂ ಅದೇ.

1935ರ ವಸಂತದಲ್ಲಿ ಇಲ್ಲಿಗೆ ಬಂದವನು ಬ್ರೂನೋ ಟೌಟ್, ಜರ್ಮನಿಯ ಹೆಸರಾಂತ ವಾಸ್ತುಶಿಲ್ಪಿ. ನಾಜಿಗಳು ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟು, ಜಪಾನಿನ ಒಂದು ಬೌದ್ಧ ದೇವಾಲಯದ ಆವರಣದ ಪುಟ್ಟ ಮನೆಯಲ್ಲಿ ಆಶ್ರಯ ಪಡೆದಿದ್ದ. ಮುಂದೆ ಅಲ್ಲಿಂದ ತುರ್ಕಿಗೆ ಹೋಗಿ 1938ರಲ್ಲಿ ತೀರಿಕೊಂಡ. ಇಸ್ತಾಂಬುಲಿನ ಎದಿರ್ನೆಕಾಪಿ ಹುತಾತ್ಮರ ಖಬರಸ್ತಾನದಲ್ಲಿ ಆತನ ಸಮಾಧಿಯಿದೆ. ಶಿರಾಕಾವಾದ ಮನೆಗಳನ್ನು ಕಂಡು ಟೌಟ್ ಬೆರಗಾದ. ಮೊಳೆಯಿಲ್ಲದೆ, ಹಗ್ಗ ಮತ್ತು ಬಳುಕುವ ಎಳೆ ಮರದ ಬಿಗಿತದಲ್ಲಿ ನಿಂತ ಮಾಡಿನ ತರ್ಕಬದ್ಧತೆ ಆತನಿಗೆ ಯುರೋಪಿನ ಮಧ್ಯಯುಗದ ಕಟ್ಟಡಗಳನ್ನು ನೆನಪಿಸಿತು. ಸ್ವತಃ ಜಪಾನಿನ ವಿದ್ಯಾವಂತರು ಈ ಮನೆಗಳತ್ತ ಕಣ್ಣೆತ್ತಿ ನೋಡಿದ್ದರಲ್ಲಿ ಆತನ ಮೆಚ್ಚುಗೆಯ ಪಾಲು ದೊಡ್ಡದು.

ಟೌಟ್ ಕಣ್ಣಿಗೆ ಬಿದ್ದದ್ದು ಮಾಡು. ಅದರ ಮೇಲೂ ಕೆಳಗೂ ಇದ್ದ ಲೆಕ್ಕಾಚಾರ ಬೇರೆ. ಮಾಡು ಅಷ್ಟು ಎತ್ತರವಾದದ್ದು ಹಿಮ ಜಾರಲೆಂದು ಮಾತ್ರವಲ್ಲ. ಒಳಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಅಂತಸ್ತಿನ ಅಟ್ಟ ಬೇಕಿತ್ತು, ರೇಷ್ಮೆ ಹುಳು ಸಾಕಲು. ಮನೆಗಳೆಲ್ಲ ಒಂದೇ ದಿಕ್ಕಿಗೆ ನಿಂತದ್ದೂ ಗಾಳಿ ಬಿಸಿಲಿನ ಲೆಕ್ಕದಿಂದಲೇ. ನೆಲದ ಕೆಳಗೆ ಇನ್ನೊಂದು ಕಸುಬು. ಒಲೆಯ ಪಕ್ಕ ಗುಂಡಿ ತೋಡಿ ಮಣ್ಣು, ರೇಷ್ಮೆ ಹುಳುವಿನ ಹಿಕ್ಕೆ, ಮಾಚಿಪತ್ರೆಯ ಜಾತಿಯ ಸೊಪ್ಪುಗಳನ್ನು ಪದರಪದರವಾಗಿ ತುಂಬಿ, ನಾಲ್ಕೈದು ವರ್ಷ ಕೊಳೆಯಲು ಬಿಟ್ಟು, ಆಮೇಲೆ ಆ ಮಣ್ಣನ್ನು ನೀರಲ್ಲಿ ಸೋಸಿ ಬೂದಿಯೊಂದಿಗೆ ಕುದಿಸಿದರೆ ಪೆಟ್ಲುಪ್ಪು. ಅಂದರೆ ಕೋವಿಮದ್ದಿನ ಮುಖ್ಯ ಪದಾರ್ಥ. ನದಿಯ ಕೆಳಹರಿವಿನ ಗೊಕಾಯಾಮಾ ಹಳ್ಳಿಗಳು ಕಾಗಾ ಸಂಸ್ಥಾನದ ಪ್ರಭುಗಳಿಗೆ ಇದನ್ನೇ ಕಂದಾಯವಾಗಿ ಸಲ್ಲಿಸುತ್ತಿದ್ದವು. ಹೊರಗಿನವರು ಸುಲಭವಾಗಿ ಬರಲಾಗದ ಕಣಿವೆ ಗುಟ್ಟಿನ ಕೆಲಸಕ್ಕೆ ಅನುಕೂಲ. ಕೈದಿಗಳನ್ನು ಗಡೀಪಾರು ಮಾಡಲೂ ಪ್ರಭುಗಳು ಇದನ್ನೇ ಬಳಸಿದರು. ಈಗ ಪ್ರಶಾಂತತೆಯನ್ನು ಹುಡುಕಿಕೊಂಡು ಬರುವವರು ಕಾಣುವ ಮನೆಗಳ ಅಡಿಪಾಯದಲ್ಲಿ ಸಿಡಿಮದ್ದು ಹಣ್ಣಾಗುತ್ತಿತ್ತು.

ಇನ್ನು ಮನೆಯೊಳಗಿನವರ ಮಾತು. ಕಣಿವೆಯ ಮಿಬೊರೋ ಭಾಗದಲ್ಲಿ ಒಂದೇ ಸೂರಿನಡಿ ಮೂವತ್ತಕ್ಕೂ ಹೆಚ್ಚು ಜನ ಇರುತ್ತಿದ್ದರು. ಹೊಲ ಅಂಗೈಯಗಲ, ಪಾಲು ಮಾಡಿದರೆ ಯಾರಿಗೂ ಸಾಲದು. ಆದ್ದರಿಂದ ವಿಧಿವತ್ತಾದ ಮದುವೆ ಹಿರಿಯ ಮಗನಿಗೆ ಮಾತ್ರ. ಕಿರಿಯರು ರಾತ್ರಿ ಬೇರೆ ಮನೆಯ ಹೆಣ್ಣಿನ ಬಳಿಗೆ ಹೋಗಿ ಬೆಳಗ್ಗೆ ತಮ್ಮ ಮನೆಯ ದುಡಿಮೆಗೆ ಮರಳಬೇಕು. ಹುಟ್ಟಿದ ಮಕ್ಕಳು ತಾಯಿಯ ಮನೆಗೆ ಸೇರಿದವರು, ಅಲ್ಲಿನ ಕೆಲಸದ ಕೈಗಳು. ಕೂಡುಕುಟುಂಬವೆಂದು ಕೊಂಡಾಡುವವರು ಇದನ್ನೂ ನೋಡಬೇಕು. ಆದರೆ ಅದೇ ಕಣಿವೆಯಲ್ಲಿ ಒಂದು ಒಳ್ಳೆಯ ಪದ್ಧತಿಯೂ ಇತ್ತು. ಅವರು ಅದನ್ನು ಯುಯಿ ಎನ್ನುತ್ತಾರೆ, ನಮ್ಮಲ್ಲಿ ಮುಯ್ಯಾಳು. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಮಾಡಿನ ಹುಲ್ಲು ಬದಲಿಸಬೇಕಾದಾಗ ಊರಿನ ನೂರು, ನೂರೈವತ್ತು ಮಂದಿ ಸೇರಿ ಒಂದೆರಡು ದಿನಗಳಲ್ಲಿ ಮುಗಿಸುತ್ತಿದ್ದರು. ಯಾರು ಎಷ್ಟು ದಿನ ಬಂದರು, ಎಷ್ಟು ಹೊರೆ ಹುಲ್ಲು ತಂದರು ಎಂಬುದು ಪುಸ್ತಕದಲ್ಲಿ ದಾಖಲು. ಅಪ್ಪನ ಕಾಲದ ಮುಯ್ಯನ್ನು ಮಗ ತೀರಿಸುವುದು ರೂಢಿ.

ಈ ಪದ್ಧತಿಯನ್ನು ಸಡಿಲಿಸಿದ್ದು ಪ್ರವಾಸಿಗರಲ್ಲ. ಚಿಲಿ ದೇಶದಿಂದ ಅಗ್ಗದ ಪೆಟ್ಲುಪ್ಪು ಬಂದು ಒಂದು ಕಸುಬು ಮೊದಲೇ ಹೋಗಿತ್ತು. ರೇಷ್ಮೆಯೂ ಕ್ರಮೇಣ ಹೋಯಿತು. ಎರಡನೆಯ ಮಹಾಯುದ್ಧದ ನಂತರ ಕೈಗಾರಿಕೆಗೆ ವಿದ್ಯುತ್ ಬೇಕೆಂದು ಮಿಬೊರೋದಲ್ಲಿ 131 ಮೀಟರ್ ಎತ್ತರದ ಅಣೆಕಟ್ಟು ಯೋಜಿಸಿದರು. ಹಳ್ಳಿಗರು ಪ್ರಾಣ ಕೊಟ್ಟೇವು, ನೆಲ ಕೊಡೆವು ಎಂದು ಸಂಘ ಕಟ್ಟಿ ಏಳು ವರ್ಷ ಹೋರಾಡಿದರು. 1959ರಲ್ಲಿ ಸಂಘ ವಿಸರ್ಜನೆಯಾಯಿತು, ಇನ್ನೂರಕ್ಕೂ ಹೆಚ್ಚು ಮನೆಗಳವರು ಚದುರಿದರು, 1961ರಲ್ಲಿ ಅಣೆಕಟ್ಟು ಮುಗಿಯಿತು. ಯೋಜನೆಯ ಕಂಪನಿಯ ಮೊದಲ ಅಧ್ಯಕ್ಷರಾಗಿದ್ದ ತಕಾಸಾಕಿ ತತ್ಸುನೊಸುಕೆ ಮುಳುಗಲಿದ್ದ ದೇವಾಲಯವೊಂದರ ಅಂಗಳದಲ್ಲಿ ಹಳೆಯ ಚೆರ್ರಿ ಮರ ಕಂಡು, ಇದನ್ನಾದರೂ ಉಳಿಸಬೇಕೆಂದರು. ಎರಡು ಮರಗಳು, ಎರಡೂ ಸೇರಿ ಎಪ್ಪತ್ತು ಟನ್ನಿಗೂ ಮಿಕ್ಕ ಭಾರ. 1960ರಲ್ಲಿ ಅವನ್ನು ಬೇರುಸಹಿತ ಬೆಟ್ಟದ ಮೇಲಕ್ಕೆ ಎಳೆದು ನೆಟ್ಟರು. ಚಿಗುರಿದವು, ಈಗಲೂ ಹೂ ಬಿಡುತ್ತವೆ. ಮುಳುಗಡೆಯವರು ಅದರ ನೆರಳಲ್ಲಿ ಸೇರಿ ಅತ್ತದ್ದುಂಟು. ಆ ದಾರಿಯ ಬಸ್ಸಿನ ಕಂಡಕ್ಟರ್ ಸಾತೊ ರ್‍ಯೋಜಿ ಎಂಬಾತ ಅದನ್ನು ಕಂಡು, ನಾಗೋಯಾದಿಂದ ಕಾನಾಜಾವಾವರೆಗಿನ ಬಸ್ ಮಾರ್ಗದುದ್ದಕ್ಕೂ ಬಿಡುವಿನ ದಿನಗಳಲ್ಲಿ ಚೆರ್ರಿ ಸಸಿ ನೆಡುತ್ತ ಹೋದ. 1977ರಲ್ಲಿ ನಲವತ್ತೇಳನೆಯ ವಯಸ್ಸಿಗೆ ತೀರಿಕೊಳ್ಳುವಷ್ಟರಲ್ಲಿ ಸುಮಾರು ಎರಡು ಸಾವಿರ ಗಿಡ ನೆಟ್ಟಿದ್ದ. ಮರ ಬದುಕಿತು ಎಂಬ ಕಥೆ ಜಪಾನಿನಲ್ಲಿ ಮನೆಮಾತು. ಊರು ಬದುಕಲಿಲ್ಲ ಎಂಬ ಅರ್ಧ ಅಷ್ಟು ಕೇಳಿಬರುವುದಿಲ್ಲ.

ಉಳಿದ ಮನೆಗಳನ್ನು ಕೊಳ್ಳಲು ಪಟ್ಟಣದವರು ಬಂದರು. ಕೆಲವು ಹೋಟೆಲುಗಳಾದವು, ಒಂದು ಯೊಕೊಹಾಮಾದ ಸಂಕೇಯನ್ ಉದ್ಯಾನ ಸೇರಿತು. ಆಗ, 1971ರಲ್ಲಿ, ಓಗಿಮಾಚಿ ಎಂಬ ಹಳ್ಳಿಯವರು ಒಟ್ಟಾಗಿ ಮೂರು ನಿಯಮ ಮಾಡಿಕೊಂಡರು: ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡಹುವುದಿಲ್ಲ. ಸರ್ಕಾರದ ಆದೇಶಕ್ಕಿಂತ ಮೊದಲೇ ತಾವಾಗಿ ಹಾಕಿಕೊಂಡ ಕಟ್ಟು ಇದು. 1976ರಲ್ಲಿ ಸರ್ಕಾರದ ರಕ್ಷಣೆ, 1995ರಲ್ಲಿ ಯುನೆಸ್ಕೊ ಮನ್ನಣೆ ಬಂತು. ಓಗಿಮಾಚಿಯ 59, ಗೊಕಾಯಾಮಾದ ಆಯಿನೊಕುರಾದ 20, ಸುಗಾನುಮಾದ 9 ಗಾಶ್ಶೋ ಮನೆಗಳು ವಿಶ್ವ ಪರಂಪರೆಯ ಲೆಕ್ಕದಲ್ಲಿವೆ.

2008ರಲ್ಲಿ ಹತ್ತು ಕಿಲೋಮೀಟರಿಗೂ ಉದ್ದದ ಸುರಂಗದೊಂದಿಗೆ ಹೆದ್ದಾರಿ ಪೂರ್ಣಗೊಂಡ ಮೇಲೆ ಗಡೀಪಾರಿನ ಕಣಿವೆ ನಾಗೋಯಾದಿಂದ ಒಂದು ದಿನದ ವಿಹಾರವಾಯಿತು. ಸುಮಾರು 1,500 ಜನರ ಶಿರಾಕಾವಾಕ್ಕೆ 2019ರಲ್ಲಿ 17 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಚಳಿಗಾಲದ ದೀಪಾಲಂಕಾರದ ಸಂಜೆಗಳಿಗೆ ಆ ವರ್ಷದಿಂದ ಮುಂಗಡ ನೋಂದಣಿ ಕಡ್ಡಾಯ ಮಾಡಬೇಕಾಯಿತು. ಅಂಗಡಿ, ವಸತಿಗೃಹಗಳಿಂದ ಮನೆಗಳಿಗೆ ಆದಾಯವಿದೆ, ಯುವಕರು ಕೆಲವರಾದರೂ ಊರಲ್ಲೇ ಉಳಿದಿದ್ದಾರೆ, ಇದನ್ನು ಹಳಿಯುವಂತಿಲ್ಲ. 2023ರ ಸಮೀಕ್ಷೆಯಂತೆ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಕ್ಯಾಲೆಂಡರಿಗೆ ಬಾರದ ಹಳ್ಳಿಗಳ ಪಾಡು ಅದು.

ಆದರೆ ಅಟ್ಟದಲ್ಲಿ ಹುಳುಗಳಿಲ್ಲ. ಅನೇಕ ಮನೆಗಳಲ್ಲಿ ಒಲೆಗುಂಡಿ ದಿನವಿಡೀ ಉರಿಯುವುದಿಲ್ಲ, ಹೊಗೆ ತಾಗದ ಹುಲ್ಲು ಬೇಗ ಕೊಳೆಯುತ್ತದೆ. ಹೊದಿಕೆಯ ಕೆಲಸ ಹೆಚ್ಚಾಗಿ ಗುತ್ತಿಗೆಯ ಕುಶಲಕರ್ಮಿಗಳದು, ಹಣದ ದೊಡ್ಡ ಪಾಲು ಸರ್ಕಾರದ್ದು. ಮುಯ್ಯಾಳು ಪದ್ಧತಿ ಆಗೊಮ್ಮೆ ಈಗೊಮ್ಮೆ ನಡೆಯುತ್ತದೆ. ತಪ್ಪದೆ ಉಳಿದಿರುವುದು ಬೆಂಕಿಯ ಕಾವಲು. ಹುಲ್ಲುಮಾಡಿನ ಊರಿಗೆ ಒಂದು ಕಿಡಿ ಸಾಕು. ಬಸ್ಸುಗಳು ಹೋದ ಮೇಲೆ, ಸರದಿಯ ಮನೆಯವರು ಮರದ ಕೋಲುಗಳನ್ನು ಒಂದಕ್ಕೊಂದು ಬಡಿಯುತ್ತ, ಬೆಂಕಿ ಜೋಪಾನ ಎಂದು ಕೂಗುತ್ತ ಊರು ಸುತ್ತುತ್ತಾರೆ. ಮರುದಿನದ ಸರದಿ ಪಕ್ಕದ ಮನೆಯದು.